ಮಾಸ್ತರಿಕೆ ಬಿಟ್ಟವರು, ಮಾಸ್ತರಿಕೆಗೆ ಬಂದವರು



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಹಿರಿಯರ ಬಾಯಲ್ಲಿ ಒಂದು ಮರಾಠಿ ಮಾತು ಸದಾ ಇರುತ್ತಿತ್ತು: ಉತ್ತಮ ಶೇತಿ, ಮಧ್ಯಮ ವ್ಯಾಪಾರ, ಕನಿಷ್ಠ ನೋಕರಿ. ಒಕ್ಕಲುತನ ಎಲ್ಲಕ್ಕೂ ಮೇಲು, ವ್ಯಾಪಾರ ನಡುವೆ, ನೌಕರಿ ಎಲ್ಲಕ್ಕೂ ಕೆಳಗೆ ಎಂದು ಅರ್ಥ. 1972ರ ಬರಗಾಲದಲ್ಲಿ ಕಲ್ಲು ಒಡೆಯುವ ಕೆಲಸಕ್ಕೆ ಹೋಗಿ ಬಂದ ತಲೆಮಾರು ಈ ಮಾತನ್ನು ತಲೆಕೆಳಗು ಮಾಡಿತು. ಇಪ್ಪತ್ತು ಎಕರೆ ಇದ್ದವರೂ ಮಗನಿಗೆ ನೌಕರಿ ಬೇಕೆಂದರು. ಹಳ್ಳಿಯಲ್ಲಿ ಕಣ್ಣಿಗೆ ಬೀಳುತ್ತಿದ್ದ ನೌಕರಿ ಆಗ ಎರಡೇ: ಒಂದು ಎಸ್.ಟಿ. ಬಸ್ಸಿನ ಕಂಡಕ್ಟರಿಕೆ, ಇನ್ನೊಂದು ಸಾಲಿಯ ಮಾಸ್ತರಿಕೆ.

ಹೀಗೆ ಬಂದವರೆಲ್ಲ ಕಲಿಸುವ ಹಂಬಲದಿಂದ ಬಂದವರೇನಲ್ಲ. ತಿಂಗಳ ಮೊದಲ ವಾರ ತಪ್ಪದೆ ಪಗಾರ ಬರುತ್ತದೆ ಎಂದು ಬಂದರು. ಆದರೆ ಅವರಲ್ಲೇ ಬಹಳ ಜನ ಒಳ್ಳೆಯ ಮಾಸ್ತರಾದರು ಎನ್ನುವುದನ್ನು ಮರೆಯಬಾರದು. ಹೊಟ್ಟೆಪಾಡಿಗೆ ಬಂದವನು ಕಲಿಸಲಾರ, ಆದರ್ಶಕ್ಕೆ ಬಂದವನೇ ಕಲಿಸಬಲ್ಲ ಎಂದು ಶಿಕ್ಷಕರ ದಿನದ ಭಾಷಣಗಳಲ್ಲಿ ಕೇಳುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ. ಹೊಟ್ಟೆ ತುಂಬಿದ ಮೇಲೆ ಮಕ್ಕಳ ಮೇಲೆ ಮನಸ್ಸು ಹರಿದವರನ್ನು ನಮ್ಮ ಸೀಮೆ ಸಾಕಷ್ಟು ಕಂಡಿದೆ.

ಈಗ ಜನ ಮೊದಲಿಗಿಂತ ಹೆಚ್ಚಾಗಿ ಕೆಲಸ ಬದಲಿಸುತ್ತಾರೆ. ಮಾಸ್ತರಿಕೆಗೂ ಈ ಗಾಳಿ ಬೀಸಿದೆ. ಯುನೆಸ್ಕೋ ಸಂಸ್ಥೆಯ 2024ರ ವರದಿಯ ಪ್ರಕಾರ, ಪ್ರಪಂಚದಲ್ಲಿ ಪ್ರಾಥಮಿಕ ಶಿಕ್ಷಕರ ಪೈಕಿ ವೃತ್ತಿ ಬಿಡುವವರು 2015ರಲ್ಲಿ ಶೇಕಡಾ 4.6ರಷ್ಟಿದ್ದರು, 2022ರ ಹೊತ್ತಿಗೆ ಶೇಕಡಾ 9 ಆದರು. 2030ರೊಳಗೆ ಇನ್ನೂ 4 ಕೋಟಿ 40 ಲಕ್ಷ ಶಿಕ್ಷಕರು ಬೇಕಂತೆ.

ಈ ಲೆಕ್ಕವನ್ನು ನಮ್ಮೂರಿಗೆ ಹಚ್ಚಿ ನೋಡಿದರೆ ಕೂಡುವುದಿಲ್ಲ. ಜಿಲ್ಲಾ ಪರಿಷತ್ತಿನ ಸಾಲಿಯಲ್ಲಿ ಕಾಯಂ ಆದ ಮಾಸ್ತರು ಕೆಲಸ ಬಿಟ್ಟದ್ದನ್ನು ನೀವು ಎಷ್ಟು ಸಲ ಕೇಳಿದ್ದೀರಿ? ಬೇಸರ ಬಂದರೂ ಬಿಡುವುದಿಲ್ಲ. ಗಂಟಲು ಹೋದರೂ, ಮಕ್ಕಳ ಮುಖ ಕಂಡರೆ ಸಿಟ್ಟು ಬರುವಂತಾದರೂ ಬಿಡುವುದಿಲ್ಲ. ಪಿಂಚಣಿ ಇತ್ತು; ಅದು ಕಾಲಿಗೆ ಕಟ್ಟಿದ ಹಗ್ಗ. 2005ರ ನವೆಂಬರ್ 1ರಿಂದ ಈಚೆಗೆ ಸೇರಿದವರಿಗೆ ಮಹಾರಾಷ್ಟ್ರದಲ್ಲಿ ಹಳೆಯ ಪಿಂಚಣಿ ನಿಂತಿತು. ಅದಕ್ಕಾಗಿಯೇ 2023ರ ಮಾರ್ಚಿಯಲ್ಲಿ ಶಿಕ್ಷಕರೂ ನೌಕರರೂ ಮುಷ್ಕರ ಹೂಡಿದರು. ಆದರೂ, ಒಮ್ಮೆ ಸಿಕ್ಕ ಸರಕಾರಿ ನೌಕರಿಯನ್ನು ಬಿಡುವ ಧೈರ್ಯ ಯಾರು ಮಾಡುತ್ತಾರೆ?

ಹಾಗಾದರೆ ಮಾಸ್ತರಿಕೆ ಬಿಟ್ಟವರು ಯಾರು? ಪೂರ್ತಿ ಒಳಗೆ ಬರಲಾಗದೆ ಹೊಸ್ತಿಲಲ್ಲೇ ನಿಂತವರು. ನನ್ನ ಮಾತಿನ ತಿರುಳು ಇಷ್ಟೇ. ಒಳಗಿದ್ದು ಬೇಸತ್ತವರು ಹೊರಗೆ ಬರಲಾರರು, ಹೊರಗಿದ್ದು ಬಯಸುವವರು ಒಳಗೆ ಹೋಗಲಾರರು.

2000ನೇ ಇಸವಿಯಲ್ಲಿ ನಮ್ಮ ರಾಜ್ಯದಲ್ಲಿ ‘ಶಿಕ್ಷಣ ಸೇವಕ’ ಪದ್ಧತಿ ಬಂತು. ಡಿ.ಎಡ್. ಮಾಡಿದ ಹುಡುಗ ಮೂರು ವರ್ಷ ಗೌರವಧನದ ಮೇಲೆ ದುಡಿಯಬೇಕು, ಆಮೇಲೆ ಕಾಯಂ. ಪ್ರಾಥಮಿಕ ಸಾಲಿಯಲ್ಲಿ ಆ ಗೌರವಧನ ತಿಂಗಳಿಗೆ 3,000 ರೂಪಾಯಿ. ಮುಂದೆ 6,000 ಆಯಿತು; 16,000 ಆಗಲು 2023 ಬರಬೇಕಾಯಿತು. ಇನ್ನೊಂದು ಕಡೆ 2001ರ ಅನಂತರ ‘ಕಾಯಂ ವಿನಾ ಅನುದಾನ’ ಎಂಬ ಕರಾರಿನ ಮೇಲೆ ಖಾಸಗಿ ಸಂಸ್ಥೆಗಳಿಗೆ ಸಾಲಿ ತೆರೆಯಲು ಪರವಾನಗಿ ಕೊಟ್ಟರು. ಸರಕಾರದಿಂದ ಎಂದೂ ಹಣ ಕೇಳಬಾರದು ಎಂದು ಅದರರ್ಥ. 2009ರಲ್ಲಿ ‘ಕಾಯಂ’ ಎಂಬ ಶಬ್ದವನ್ನು ತೆಗೆದರು, 2016ರಲ್ಲಿ ಇಪ್ಪತ್ತು ಶೇಕಡಾ ಅನುದಾನ ಕೊಡತೊಡಗಿದರು. ಈ ನಡುವೆ ಹತ್ತು ಹನ್ನೆರಡು ವರ್ಷ ಪಗಾರವಿಲ್ಲದೆ ಕಲಿಸಿದವರಿದ್ದಾರೆ. ಮುಂಜಾನೆ ಹಾಲು ಹಾಕಿ ಸಾಲಿಗೆ ಹೋಗುವುದು, ಸಂಜೆ ರಿಕ್ಷಾ ಹೊಡೆಯುವುದು. ಒಂದು ದಿನ ರಿಕ್ಷಾವೇ ಪೂರ್ಣಾವಧಿ ಕೆಲಸವಾಗಿಬಿಡುತ್ತದೆ. ಇವರನ್ನು ‘ವೃತ್ತಿ ಬದಲಿಸಿದವರು’ ಎಂದು ಕರೆಯುವುದು ಎಷ್ಟು ಸರಿ?

2012ರಲ್ಲಿ ನೇಮಕಾತಿಯೇ ನಿಂತಿತು. ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, 2013ರಲ್ಲಿ ಶುರುವಾಯಿತು. ಅದರ ಮೇಲೆ ಇನ್ನೊಂದು ಅಭಿಯೋಗ್ಯತಾ ಪರೀಕ್ಷೆ; ಅದು ಮೊದಲು ನಡೆದದ್ದು 2017ರ ಡಿಸೆಂಬರಿನಲ್ಲಿ, ಮತ್ತೆ ನಡೆದದ್ದು 2023ರಲ್ಲಿ. ಇಪ್ಪತ್ತೆರಡಕ್ಕೆ ಡಿ.ಎಡ್. ಮುಗಿಸಿದ ಹುಡುಗ ಐದು ವರ್ಷ ಏನು ಮಾಡಬೇಕು? ಜತ್ತದ ಕಡೆಯವನು ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುತ್ತಾನೆ, ಅಕ್ಕಲಕೋಟೆಯವನು ಪುಣೆಯ ಕಂಪನಿಯಲ್ಲಿ ಪಾಳಿ ಕೆಲಸಕ್ಕೆ ನಿಲ್ಲುತ್ತಾನೆ, ಸೊಲ್ಲಾಪುರದವನು ಅಪ್ಪನ ಪವರ್‌ಲೂಮಿಗೆ ಮರಳುತ್ತಾನೆ. ಹುಡುಗಿಯ ಪಾಡು ಬೇರೆ. ಲಗ್ನವಾಗಿ ವಿಜಯಪುರದ ಕಡೆ ಹೋದರೆ ಅಲ್ಲಿ ಬೇರೆ ರಾಜ್ಯ, ಬೇರೆ ಪರೀಕ್ಷೆ, ಬೇರೆ ನಿಯಮ. ಅಕ್ಕೋರಾಗಬೇಕಾದವಳ ಡಿ.ಎಡ್. ಪ್ರಮಾಣಪತ್ರ ಟ್ರಂಕಿನಲ್ಲಿ ಉಳಿಯುತ್ತದೆ.

ಒಳಗಿರುವವರಿಗೂ ಈಗ ನೆಮ್ಮದಿಯಿಲ್ಲ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತೀರ್ಪಿತ್ತಿತು. ಮಕ್ಕಳ ವಹಿ ತಿದ್ದುವ ಕೈಗಳು ತಾವೇ ಗೈಡು ಹಿಡಿಯುವಂತಾಯಿತು.

ಮರಾಠಿ ಸಾಲಿಯಲ್ಲಿ ಒಬ್ಬ ಮಾಸ್ತರು ಹೋದರೆ ಇನ್ನೊಬ್ಬರು ಸಿಗುತ್ತಾರೆ. ಕನ್ನಡ ಸಾಲಿಯ ಮಾತು ಹಾಗಲ್ಲ. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆ ಇಬ್ಬರಲ್ಲಿ ಒಬ್ಬರು ನಿವೃತ್ತರಾದರು, ಕನ್ನಡ ಬಲ್ಲವರು ಬರಲಿಲ್ಲ ಎಂದುಕೊಳ್ಳಿ. ಉಳಿದ ಒಬ್ಬರು ನಾಲ್ಕು ವರ್ಗ ನೋಡಬೇಕು, ಮರಾಠಿಯಲ್ಲಿ ಬಂದ ಸುತ್ತೋಲೆ ಓದಬೇಕು, ಮರಾಠಿಯಲ್ಲಿ ನಡೆಯುವ ತರಬೇತಿಗೆ ಹೋಗಿಬಂದು ಅಲ್ಲಿ ಹೇಳಿದ್ದನ್ನು ರಾತ್ರಿ ಕುಳಿತು ಕನ್ನಡಕ್ಕೆ ತಿರುಗಿಸಿಕೊಳ್ಳಬೇಕು. ತಾಯಿತಂದೆ ಇದನ್ನು ನೋಡುತ್ತಾರೆ. ಮುಂದಿನ ವರ್ಷ ಮಗುವನ್ನು ಇಂಗ್ಲಿಷ್ ಸಾಲಿಯ ಹಳದಿ ಬಸ್ಸಿಗೆ ಹತ್ತಿಸುತ್ತಾರೆ. ಆಮೇಲೆ ಸಂಚಮಾನ್ಯತೆ ಬರುತ್ತದೆ, ಅಂದರೆ ಮಕ್ಕಳ ತಲೆ ಎಣಿಸಿ ಹುದ್ದೆ ನಿಶ್ಚಯಿಸುವ ಲೆಕ್ಕ. ತಲೆ ಕಡಿಮೆ, ಆದ್ದರಿಂದ ಹುದ್ದೆ ಕಡಿಮೆ. ಮಕ್ಕಳು ಏಕೆ ಕಡಿಮೆಯಾದರು ಎಂದು ಬರೆಯಲು ಆ ತಖ್ತೆಯಲ್ಲಿ ಕಾಲಂ ಇಲ್ಲ. ಪುಣೆಯ ಬಾಲಭಾರತಿ ಇಂದಿಗೂ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಅದೇನೂ ಸಣ್ಣ ಮಾತಲ್ಲ. ಪುಸ್ತಕ ಬರುತ್ತದೆ; ಅದನ್ನು ತೆರೆದು ಓದಿಸುವವರು ಬೇಕು.

ಮಾಸ್ತರಿಕೆಯನ್ನು ಬಿಟ್ಟು ಮತ್ತೆ ಬಂದವರ ಕಥೆಯೂ ಉಂಟು. ಅದರಲ್ಲಿ ಒಂದು ನಮ್ಮ ಸೊಲ್ಲಾಪುರಕ್ಕೇ ಸೇರಿದ್ದು.

ಬೇಂದ್ರೆ ಮಾಸ್ತರು ಧಾರವಾಡದಲ್ಲಿ ಹೈಸ್ಕೂಲು ಶಿಕ್ಷಕರಾಗಿದ್ದರು. ‘ನರಬಲಿ’ ಎಂಬ ಕವಿತೆಗಾಗಿ 1932ರಲ್ಲಿ ಸರಕಾರ ಅವರನ್ನು ಸೆರೆಮನೆಗೆ ಕಳಿಸಿತು. ನೌಕರಿ ಹೋಯಿತು. ಬಿಡುಗಡೆಯಾದ ಮೇಲೂ ನೆಲೆಯಾದ ಕೆಲಸ ಸಿಗದೆ ವರ್ಷಗಟ್ಟಲೆ ಅಲೆದರು. ಆ ಕಷ್ಟದ ದಿನಗಳಲ್ಲೇ, 1935ರಲ್ಲಿ, ಎಂ.ಎ. ಮುಗಿಸಿದರು, ಆಗ ಅವರಿಗೆ ಮೂವತ್ತೊಂಬತ್ತು. ‘ಜೀವನ’ ಪತ್ರಿಕೆಯ ಸಂಪಾದಕರಾಗಿ ದುಡಿದರು. 1944ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಕನ್ನಡ ಪ್ರಾಧ್ಯಾಪಕರಾಗಿ ಬಂದರು. 1956ರವರೆಗೆ ಇಲ್ಲೇ ಇದ್ದು, ಆಮೇಲೆ ಧಾರವಾಡ ಆಕಾಶವಾಣಿಗೆ ಸಲಹೆಗಾರರಾಗಿ ಹೋದರು. ರೇಡಿಯೋದಲ್ಲಿ ಮಾತಾಡುವ ನಮ್ಮಂಥವರಿಗೆ ಅವರು ಆ ದಾರಿಯಲ್ಲೂ ಹಿರಿಯರೇ.

ಮನೆಮಾತು ಮರಾಠಿಯಾಗಿದ್ದ ಕವಿಯೊಬ್ಬರು ಮರಾಠಿ ಮಾತಾಡುವ ಪಟ್ಟಣದಲ್ಲಿ ಹನ್ನೆರಡು ವರ್ಷ ಕನ್ನಡ ಕಲಿಸಿದರು. ಒಂದು ಕಾಲೇಜು ವಯಸ್ಸು ನೋಡದೆ, ಸೆರೆಮನೆಯ ದಾಖಲೆ ನೋಡದೆ ಬಾಗಿಲು ತೆರೆದದ್ದರಿಂದ ಇದು ಆಯಿತು. ಇಂದಿನ ಜಿಲ್ಲಾ ಪರಿಷತ್ತಿನ ಸಾಲಿಗೆ ನಲವತ್ತೆಂಟರಲ್ಲಿ ಅರ್ಜಿ ಹಾಕಿದ್ದರೆ, ವಯೋಮಿತಿ ಮೀರಿದೆ ಎಂದು ಗಣಕಯಂತ್ರವೇ ಹಿಂದಕ್ಕೆ ಕಳಿಸುತ್ತಿತ್ತು.

ಇನ್ನೊಂದು ಗಡಿಯಾದ ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳು ಮಂಗಳೂರಿನಲ್ಲಿ ಪತ್ರಿಕೆಯ ಕೆಲಸ ಮಾಡಿ, ಅದನ್ನು ಬಿಟ್ಟು ಪೆರಡಾಲದ ಹೈಸ್ಕೂಲಿನಲ್ಲಿ ಶಿಕ್ಷಕರಾದರು. 1969ರಲ್ಲಿ ಶಿಕ್ಷಕರ ರಾಷ್ಟ್ರಪ್ರಶಸ್ತಿ ಪಡೆದರು. ಲಂಕೇಶರದು ಉಲ್ಟಾ ದಾರಿ: ಬೆಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು ಅದನ್ನು ತೊರೆದು 1980ರಲ್ಲಿ ಪತ್ರಿಕೆ ಹೊರಡಿಸಿದರು. ಒಬ್ಬರಿಗೆ ವರ್ಗದ ಕೋಣೆ ಸಾಕೆನಿಸಿತು, ಇನ್ನೊಬ್ಬರಿಗೆ ಸಾಲದೆನಿಸಿತು. ಇಬ್ಬರದೂ ತಪ್ಪಲ್ಲ. ಬಿಡುವುದೂ ಸೇರುವುದೂ ಅವರವರ ಮನಸ್ಸಿನ ಮಾತಾಗಿದ್ದರೆ ನಮಗೇನೂ ತಕರಾರಿಲ್ಲ.

ನಮ್ಮ ಹಳ್ಳಿಗಳಲ್ಲಿ ಕನ್ನಡ ಡಿ.ಎಡ್. ಮಾಡಿ ಮನೆಯಲ್ಲಿ ಕುಳಿತವರು, ಹೊಲದಲ್ಲಿರುವವರು, ಅಂಗಡಿ ಇಟ್ಟವರು ಯಾರ್ಯಾರು ಎಂದು ಒಂದು ಪಟ್ಟಿ ಮಾಡಿ ನೋಡಿ. ಸಾಲಿಯ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ತಾಯಿತಂದೆಯರೇ ಇರಬೇಕೆಂದು ಕಾಯ್ದೆಯೇ ಹೇಳಿದೆ. ಆ ಸಭೆಗೆ ಸಹಿ ಮಾಡಿ ಚಹಾ ಕುಡಿದು ಬರಲು ಮಾತ್ರ ಹೋಗಬೇಡಿ. ಈ ವರ್ಷ ಯಾರು ನಿವೃತ್ತರಾಗುತ್ತಾರೆ, ಯಾರಿಗೆ ಬದಲಿ ಆಗಿದೆ, ಅವರ ಜಾಗಕ್ಕೆ ಕನ್ನಡ ಬಲ್ಲ ಶಿಕ್ಷಕರೇ ಬೇಕೆಂದು ಪತ್ರ ಹೋಗಿದೆಯೇ ಎಂದು ಕೇಳಿ. ಹೋಗಿದ್ದರೆ ಅದರ ಆವಕ ಕ್ರಮಾಂಕ ಬರೆದುಕೊಳ್ಳಿ. ಜೂನ್ ನಡುವಿಗೆ ಸಾಲಿ ತೆರೆಯುತ್ತದೆ. ಕೇಳುವುದಿದ್ದರೆ ಅದಕ್ಕೆ ಮೊದಲೇ ಕೇಳಬೇಕು.