ಅರ್ಜಿ ಎಲ್ಲಿಗೆ ಬಂತು?

“ಅರ್ಜಿ ಹಾಕಿಯಾಗಿದೆ, ಬಂದಾಗ ಬರುತ್ತದೆ.” ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ನಿರುದ್ಯೋಗಿ ಪದವೀಧರರ ಮನೆಗಳಲ್ಲಿ ಈ ಮಾತು ಕೇಳಿಬರುವುದುಂಟು. ಇದರ ಮೊದಲರ್ಧ ಸರಿ. ಉಳಿದರ್ಧ ನಷ್ಟಕ್ಕೆ ದಾರಿ. ಬಿತ್ತಿ ಬಂದ ರೈತ ಮೊಳಕೆ ನೋಡಲು ಮತ್ತೆ ಹೊಲಕ್ಕೆ ಹೋಗುವುದಿಲ್ಲವೆ?

ಕರ್ನಾಟಕ ಸರ್ಕಾರದ ಯುವನಿಧಿ ಯೋಜನೆಯ ನೋಂದಣಿ 2023ರ ಡಿಸೆಂಬರ್ 26ರಂದು ಆರಂಭವಾಯಿತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ನೀಡಿಕೆಗೆ ಚಾಲನೆ ದೊರೆಯಿತು. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ. ಹೆಚ್ಚೆಂದರೆ ಎರಡು ವರ್ಷ. ಅಂದರೆ ಪದವೀಧರನೊಬ್ಬನಿಗೆ ಒಟ್ಟು 72,000 ರೂಪಾಯಿಯವರೆಗಿನ ಮಾತು. ಪರೀಕ್ಷೆಯ ಶುಲ್ಕ, ಪುಸ್ತಕ, ಸಂದರ್ಶನಕ್ಕೆ ಹೋಗುವ ಬಸ್ಸಿನ ಖರ್ಚು, ಇವುಗಳಿಗಾಗಿ ತಂದೆಯ ಮುಂದೆ ಕೈಚಾಚುವುದು ತಪ್ಪಿದರೆ ಅದೇನು ಸಣ್ಣ ಸಂಗತಿಯಲ್ಲ.

ಹಾಗಾದರೆ ಅರ್ಜಿ ತಡೆಯುವುದೆಲ್ಲಿ? ಅರ್ಜಿದಾರನು ತೇರ್ಗಡೆಯಾದ ವಿವರವನ್ನು ವಿಶ್ವವಿದ್ಯಾಲಯವು ಗಣಕದ ದಾಖಲೆಗೆ ಸೇರಿಸಿರಬೇಕು. ಅದು ಮೊದಲ ಮೆಟ್ಟಿಲು. ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಅದು ಎರಡನೆಯದು. ಇವೆರಡರ ನಡುವೆ ಹೆಸರಿನ ತೊಡಕೊಂದಿದೆ. ಅಂಕಪಟ್ಟಿಯಲ್ಲಿ ತಂದೆಯ ಹೆಸರು ಸೇರಿರುತ್ತದೆ. ಆಧಾರದಲ್ಲಿ ಮನೆತನದ ಹೆಸರು. ಬ್ಯಾಂಕಿನಲ್ಲಿ ಬರಿಯ ಮೊದಲಕ್ಷರ. ಹೆಸರಿನ ಬೆಲೆಯನ್ನು ಮಸ್ಕಿಯವರಿಗೆ ಬೇರೆ ಹೇಳಬೇಕೆ? 1915ರಲ್ಲಿ ಅಲ್ಲಿ ಬೆಳಕಿಗೆ ಬಂದ ಬಂಡೆಯ ಶಾಸನದಲ್ಲಿ ಅಶೋಕನೆಂಬ ಹೆಸರು ಸ್ಪಷ್ಟವಾಗಿದ್ದುದರಿಂದಲೇ ‘ದೇವಾನಾಂಪ್ರಿಯ’ನು ಯಾರೆಂಬುದು ಖಚಿತವಾಯಿತು. ಚಕ್ರವರ್ತಿಗೇ ಹಾಗಾದರೆ ನಮ್ಮ ಪಾಡೇನು? ಆದುದರಿಂದ ದಾಖಲೆಗಳಲ್ಲಿ ಹೆಸರನ್ನು ಒಂದೇ ಬಗೆಯಾಗಿ ಮಾಡಿಸಿಕೊಳ್ಳುವುದು ಮೊದಲ ಕೆಲಸ.

ಮೂರನೆಯದು, ತನಗಿನ್ನೂ ಕೆಲಸ ಸಿಕ್ಕಿಲ್ಲವೆಂಬ ಸ್ವಯಂಘೋಷಣೆ. ಯೋಜನೆಯ ಆರಂಭದಲ್ಲಿ ಇದನ್ನು ಪ್ರತಿ ತಿಂಗಳ 25ರೊಳಗೆ ಸಲ್ಲಿಸಬೇಕೆಂದಿತ್ತು. ಅವಧಿಯ ನಿಯಮ ಬದಲಾಗುವುದುಂಟು. ಈಗಿನದನ್ನು ಸೇವಾ ಸಿಂಧುವಿನಲ್ಲಿಯೇ ನೋಡಿಕೊಳ್ಳುವುದು ಲೇಸು. ಕೆಲಸ ಸಿಕ್ಕಿದ ದಿನ ಅದನ್ನೂ ಅಷ್ಟೇ ಪ್ರಾಮಾಣಿಕವಾಗಿ ತಿಳಿಸಬೇಕು. ಆ ಹಣ ಕೆಲಸವಿಲ್ಲದವನ ಪಾಲು.

ಮನೆಯಲ್ಲೊಂದು ನೋಟ್‌ಪುಸ್ತಕವಿರಲಿ. ಅರ್ಜಿಯ ಸಂಖ್ಯೆ, ಸಲ್ಲಿಸಿದ ದಿನಾಂಕ, ಕೊಟ್ಟ ಮೊಬೈಲ್ ಸಂಖ್ಯೆ, ಪ್ರತಿಸಲ ನೋಡಿದಾಗ ಕಂಡ ಸ್ಥಿತಿ, ಇಷ್ಟನ್ನು ಬರೆದಿಡಿ. ತಿಂಗಳುಗಟ್ಟಲೆ ಅರ್ಜಿ ಕದಲದಿದ್ದರೆ ರಾಯಚೂರಿನ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಈ ವಿವರಗಳೊಡನೆ ಬರೆದು ಕೇಳಬಹುದು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮವಿದೆ. ಅದರ ಪ್ರಕಾರ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಲೇಬೇಕು. ಬರಹದಲ್ಲಿ ಕೇಳಿದ ಪ್ರಶ್ನೆಗೆ ದಿನಾಂಕವಿರುತ್ತದೆ. ಬಾಯಲ್ಲಿ ಕೇಳಿದ್ದಕ್ಕೆ ಸಾಕ್ಷಿಯಿಲ್ಲ.

ಕೊನೆಗೆ ಮನೆಯ ಹಿರಿಯರಿಗೊಂದು ಮಾತು. “ಕೆಲಸ ಸಿಕ್ಕಿತೇನೋ?” ಎಂದು ದಿನವೂ ಕೇಳಿದರೆ ಹುಡುಗ ತಲೆ ತಗ್ಗಿಸುತ್ತಾನೆ. “ಅರ್ಜಿ ಎಲ್ಲಿಗೆ ಬಂತಪ್ಪಾ, ನೋಡೋಣ ತಾ” ಎಂದರೆ ಪಕ್ಕದಲ್ಲಿ ಬಂದು ಕೂರುತ್ತಾನೆ.