ಅಡಿಗೆಯ ಪಾಠವೂ ಕೂಲಿಯ ಲೆಕ್ಕವೂ

(ಕೇರಿಗಳಲ್ಲಿ ಅಡಿಗೆ ತರಗತಿ ನಡೆಸಲಿರುವ ಕಾರ್ಯಕರ್ತೆಯರ ತರಬೇತು ಶಿಬಿರದಲ್ಲಿ ಮಾಡಿದ ಭಾಷಣ)



ನಮ್ಮ ಹೆಂಗಸರಿಗೆ ಅಡಿಗೆ ಬಾರದೇ, ಅದಕ್ಕೊಂದು ತರಬೇತು ಏಕೆ ಎಂದು ಕೆಲವರು ಕೇಳುತ್ತಾರೆ. ಚೆನ್ನಾಗಿಯೇ ಬರುತ್ತದೆ. ಇದ್ದಷ್ಟು ಹಿಟ್ಟಿನಲ್ಲಿ ಆರು ಹೊಟ್ಟೆ ತುಂಬಿಸುವ ತಾಯಿಗೆ ಬುದ್ಧಿ ಹೇಳುವ ಅಧಿಕಾರ ನಮಗಾರಿಗೂ ಇಲ್ಲ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ನೂರಕ್ಕೆ 65ರಷ್ಟು. ಹೊಟ್ಟೆ ತುಂಬಿದರೂ ಮೈಗೆ ಹತ್ತುತ್ತಿಲ್ಲ ಎಂದೇ ಇದರ ಅರ್ಥ.

ಕಲಿಸುವವಳು ಅದೇ ಕೇರಿಯವಳಾಗಿರಬೇಕು. ಇದು ಹೊಸ ಮಾತಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದಾಗ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲಿ ಒಂದಾಗಿತ್ತು. ಅಂಗನವಾಡಿ ಕಾರ್ಯಕರ್ತೆಯನ್ನು ಆಯಾ ಊರಿನಿಂದಲೇ ಆರಿಸುವ ಪದ್ಧತಿ ಬಂದುದು ಆ ಯೋಜನೆಯಿಂದ. ನೆರೆಮನೆಯ ಅಕ್ಕ ಹೇಳಿದ ಮಾತು ಒಲೆಯ ತನಕ ಹೋಗುತ್ತದೆ. ಮೇಜಿನ ಹಿಂದಿನಿಂದ ಹೇಳಿದ್ದು ಬಾಗಿಲಲ್ಲೇ ನಿಲ್ಲುತ್ತದೆ.

ಆದುದರಿಂದ ತರಗತಿ ಸಭಾಭವನದಲ್ಲಿ ಬೇಡ, ಯಾರದಾದರೂ ಮನೆಯ ಅಡಿಗೆಕೋಣೆಯಲ್ಲಿ ನಡೆಯಲಿ. ಹತ್ತು ಹನ್ನೆರಡು ಮಂದಿ ಸಾಕು. ಪಾಳಿ ಮುಗಿದ ಮೇಲಿನ ಹೊತ್ತನ್ನು ಗೊತ್ತುಮಾಡಿ, ಗಂಡಸರನ್ನೂ ಕರೆಯಿರಿ. ಮೊದಲು ನೀವು ಹೇಳಬೇಡಿ, ಕೇಳಿ: ನಿನ್ನೆ ಏನು ಮಾಡಿದಿರಿ, ಎಷ್ಟು ಖರ್ಚಾಯಿತು, ಕೊನೆಗೆ ಉಂಡವರು ಯಾರು? ಕೊನೆಗೆ ಉಣ್ಣುವವಳ ತಟ್ಟೆಗೆ ಏನು ಉಳಿಯುತ್ತದೆಂಬುದು ಆಗ ತಾನಾಗಿ ಹೊರಬೀಳುತ್ತದೆ.

ಬಳಿಕ ಕೈಯಲ್ಲಿ ಮಾಡಿ ತೋರಿಸಿ. ಸೊಪ್ಪನ್ನು ತೊಳೆದು ಹೆಚ್ಚಬೇಕು, ಹೆಚ್ಚಿ ತೊಳೆಯಬಾರದು. ಅನ್ನ ಬಸಿದ ಗಂಜಿ ಚೆಲ್ಲಿದರೆ ಬಿ ಜೀವಸತ್ವವೂ ಅದರೊಡನೆ ಹೋಗುತ್ತದೆ. ಹುರುಳಿ, ಹೆಸರುಕಾಳನ್ನು ಮೊಳಕೆ ಬರಿಸಿದರೆ ಅದರ ಕಬ್ಬಿಣದ ಅಂಶ ಮೈಗೆ ಹೆಚ್ಚು ಹತ್ತುತ್ತದೆ. ಮೇಲೆ ನಿಂಬೆಹಣ್ಣು ಹಿಂಡಿದರೆ ಇನ್ನೂ ಮೇಲು. ಊಟದೊಡನೆ ಚಹಾ ಕುಡಿದರೆ ಈ ಲಾಭ ಕಡಿಮೆಯಾಗುತ್ತದೆ. ಅಳತೆಯನ್ನು ಲೋಟದಲ್ಲಿ, ಹಿಡಿಯಲ್ಲಿ ಹೇಳಿ. ಈ ಶಿಬಿರ ಮುಗಿಯುವ ಮುನ್ನ ನೀವು ಒಬ್ಬೊಬ್ಬರೂ ಉಳಿದವರ ಮುಂದೆ ಒಂದೊಂದು ಪಾಠ ನಡೆಸಿ ತೋರಿಸಬೇಕು. ಕೇಳಿಸಿಕೊಂಡವಳಿಗಿಂತ ಮಾಡಿ ತೋರಿಸಿದವಳಿಗೇ ಧೈರ್ಯ ಹೆಚ್ಚು.

ಅಂಗಡಿಕಾರ ಮಿತ್ರರಿಗೂ ಇಲ್ಲಿ ಕೆಲಸವಿದೆ. ಪ್ರತಿ ತರಗತಿಗೂ ಅಂದಿನ ದರಪಟ್ಟಿ ಕೊಡಿ. ಬಣ್ಣದ ಪೊಟ್ಟಣದ ಕುರುಕಲಿಗೆ ಮಗು ಕೊಡುವ ದುಡ್ಡಿಗೆ ನಿಮ್ಮಲ್ಲೇ ಎಷ್ಟು ಹುರಿಗಡಲೆ, ಶೇಂಗಾ, ಬೆಲ್ಲ ಬರುತ್ತದೆಂದು ತೂಗಿ ತೋರಿಸಿ.

ಇನ್ನು ಮುಖ್ಯ ಮಾತು. ಕೂಲಿ ಸಾಲದಿದ್ದರೆ ಸೊಪ್ಪು ತಿಂದು ಸುಮ್ಮನಿರಿ ಎಂದು ಹೇಳಲು ನಾವು ನಿಮ್ಮನ್ನು ಕಳುಹಿಸುತ್ತಿಲ್ಲ. 1957ರಲ್ಲಿ ಸೇರಿದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ಕೂಲಿಯನ್ನು ಊಟದ ತಟ್ಟೆಯಿಂದಲೇ ಎಣಿಸಿತು: ದುಡಿಯುವವನ ಸಂಸಾರಕ್ಕೆ ಮೂರು ಪಾಲು, ಪಾಲೊಂದಕ್ಕೆ ಡಾಕ್ಟರ್ ಏಕ್ರಾಯ್ಡ್ ಅವರ ಲೆಕ್ಕದಂತೆ ದಿನಕ್ಕೆ 2700 ಕ್ಯಾಲೊರಿ. ಬಟ್ಟೆ, ಬಾಡಿಗೆ, ಸೌದೆ ಎಲ್ಲ ಅದರ ಮೇಲೆ. ನಿಮ್ಮ ತರಗತಿಯಲ್ಲಿ ಒಂದು ಸಂಸಾರದ ವಾರದ ಒಳ್ಳೆಯ ಊಟಕ್ಕೆ ತಗಲುವ ಹಣವನ್ನು ಬರೆದಿಡಿ. ಪಕ್ಕದಲ್ಲಿ ವಾರದ ಕೂಲಿಯನ್ನೂ ಬರೆಯಿರಿ. ಎರಡಕ್ಕೂ ನಡುವಣ ಅಂತರವನ್ನು ಯಾವ ಒಗ್ಗರಣೆಯೂ ತುಂಬದು. ಅದನ್ನು ಸಂಘವೇ ತುಂಬಿಸಬೇಕು. ಆ ಕಾಗದ ನಮ್ಮ ಬೇಡಿಕೆಯ ಪಟ್ಟಿಗೆ ಆಧಾರವಾಗಲಿ.

ಹಾಗೆಯೇ ಕಲಿಸುವವಳ ದುಡಿಮೆಯೂ ದುಡಿಮೆಯೇ. ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಗ್ರಾಚ್ಯುಟಿಗೆ ಹಕ್ಕುಳ್ಳವರೆಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ, ಯೋಜನೆ ಹುಟ್ಟಿ 47 ವರ್ಷವಾಗುತ್ತಿದ್ದಾಗ. ಸೇವೆ ಎಂಬ ಸವಿಮಾತಿನಲ್ಲಿ ಹೆಣ್ಣಿನ ಕೂಲಿಯನ್ನು ಮುಳುಗಿಸುವ ಚಾಳಿ ನಮ್ಮ ಸಂಘಕ್ಕೆ ಬೇಡ. ತರಗತಿ ನಡೆಸುವವಳಿಗೆ ದಿನದ ಸಂಬಳ ಸಲ್ಲಲಿ.

ಸೋದರಿಯರೇ, ನಾಳೆಯಿಂದ ನಿಮ್ಮ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಲೆಕ್ಕದ ಪುಸ್ತಕ ಇರಲಿ. ಎರಡೂ ಬೇಕು.