ನಾಲ್ವರು ಕುದುರೆ ಸವಾರರು, ಒಂದು ಒಡೆದ ಮನೆ



ಯುದ್ಧವಿರೋಧಿ ಎಂದು ಹೆಸರಾದ ಒಂದು ಮೂಕಿ ಚಿತ್ರವನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ. 1921ರ ಮಾರ್ಚಿಯಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡ 'ದಿ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪೋಕ್ಯಾಲಿಪ್ಸ್' ಆ ಚಿತ್ರ. ಸ್ಪೇನಿನ ಬ್ಲಾಸ್ಕೊ ಇಬಾನ್ಯೆಸ್ 1916ರಲ್ಲಿ ಪ್ರಕಟಿಸಿದ ಕಾದಂಬರಿ ಇದರ ಮೂಲ. ಚಿತ್ರಕಥೆ ಜೂನ್ ಮ್ಯಾಥಿಸ್ ಎಂಬ ಮಹಿಳೆಯದು. ನಿರ್ದೇಶಕ ಡಬ್ಲಿನ್ನಿನಲ್ಲಿ ಹುಟ್ಟಿದ ರೆಕ್ಸ್ ಇಂಗ್ರಮ್.

ಇದು ಹುಟ್ಟೂರು ಬಿಟ್ಟವರ ಕಥೆ. ಅರ್ಜೆಂಟೀನಾದಲ್ಲಿ ನೆಲೆಸಿ ಅಪಾರ ಗೋಸಂಪತ್ತು ಗಳಿಸಿದ ಮುದುಕ ಮದರಿಯಾಗನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬ ಅಳಿಯ ಫ್ರೆಂಚ್, ಮತ್ತೊಬ್ಬ ಜರ್ಮನ್. ಯಜಮಾನ ತೀರಿಕೊಂಡ ಮೇಲೆ ಆಸ್ತಿ ಪಾಲಾಗುತ್ತದೆ. ಒಂದು ಸಂಸಾರ ಪ್ಯಾರಿಸ್ಸಿಗೂ ಇನ್ನೊಂದು ಜರ್ಮನಿಗೂ ಹೊರಡುತ್ತವೆ. 1914ರಲ್ಲಿ ಯುದ್ಧ ಬರುತ್ತದೆ. ಬೈಬಲಿನ ಪ್ರಕಟನೆಯ ಪುಟಗಳಿಂದ ವಿಜಯ, ಯುದ್ಧ, ಕ್ಷಾಮ, ಮೃತ್ಯುಗಳೆಂಬ ಸವಾರರು ಆಕಾಶದಲ್ಲಿ ಧಾವಿಸುತ್ತಾರೆ. ಕೊನೆಗೆ ಒಂದೇ ಅಜ್ಜನ ಮೊಮ್ಮಕ್ಕಳಿಬ್ಬರು ರಣರಂಗದಲ್ಲಿ ಎದುರುಬದುರಾಗುತ್ತಾರೆ. ಸಿಡಿದ ಗುಂಡು ಇಬ್ಬರನ್ನೂ ಕೊಲ್ಲುತ್ತದೆ. ಕುರುಕ್ಷೇತ್ರವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಿಲ್ಲ.

ಮೊಮ್ಮಗ ಹೂಲಿಯೊನ ಪಾತ್ರ ವಹಿಸಿದವನು ರುಡಾಲ್ಫ್ ವ್ಯಾಲೆಂಟಿನೊ. 1895ರಲ್ಲಿ ಇಟಲಿಯಲ್ಲಿ ಹುಟ್ಟಿ, 1913ರಲ್ಲಿ ಅಮೆರಿಕೆಗೆ ಬಂದ ಈ ವಲಸಿಗ ಅಲ್ಲಿಯವರೆಗೆ ನರ್ತಕನಾಗಿ, ಸಣ್ಣಪುಟ್ಟ ಖಳಪಾತ್ರಗಳ ನಟನಾಗಿ ಕಾಲ ನೂಕಿದ್ದನು. ಅವನೇ ಬೇಕೆಂದು ಹಟ ಹಿಡಿದವಳು ಮ್ಯಾಥಿಸ್. ಒಂದು ಟ್ಯಾಂಗೊ ನೃತ್ಯ ಅವನನ್ನು ಮನೆಮಾತಾಗಿಸಿತು. 1926ರಲ್ಲಿ, ಕೇವಲ 31ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಾಗ ನ್ಯೂಯಾರ್ಕಿನ ಬೀದಿಗಳು ಜನಸಾಗರವಾದವು. ಸಮಾಧಿಗಳ ಸಾಲಿನ ಚಿತ್ರವೆಂಬುದಕ್ಕಿಂತ ಟ್ಯಾಂಗೊದ ಚಿತ್ರವೆಂದೇ ಅನೇಕರು ಇದನ್ನು ನೆನೆಯುತ್ತಾರೆ.

ಆದರೆ ನನ್ನ ತಕರಾರು ಬೇರೆಯದು. ಯುದ್ಧವನ್ನು ದ್ವೇಷಿಸುವ ಈ ಚಿತ್ರ ಜರ್ಮನರನ್ನು ಮನುಷ್ಯರಾಗಿ ಕಾಣಲಾರದು. ಆ ಕಡೆಯ ಸೋದರಸಂಬಂಧಿಗಳು ಬಾಲ್ಯದಿಂದಲೇ ಯಂತ್ರದಂಥವರು. ಅವರ ಸೇನಾಧಿಕಾರಿಗಳು ಕುಡುಕರು, ಲೂಟಿಕೋರರು. ಕದನ ಮುಗಿದು ಮೂರು ವರ್ಷಗಳಾಗದ ಕಾಲದಲ್ಲಿ ಆ ಸಿಟ್ಟು ಸಹಜವೇ ಇರಬಹುದು. ಆದರೂ ಒಂದು ಪಕ್ಷವನ್ನು ಮೃಗವೆಂದು ಚಿತ್ರಿಸಿದ ಕಲೆ ಸವಾರರ ಕುದುರೆಗಳಿಗೆ ತಾನೇ ಹುಲ್ಲು ಹಾಕಿದಂತಾಗುವುದಿಲ್ಲವೆ?

ಚಿತ್ರ ತನ್ನನ್ನು ತಾನೇ ಮೀರುವುದು ಕೊನೆಯ ದೃಶ್ಯದಲ್ಲಿ. ಶಿಲುಬೆಗಳ ನಡುವೆ ಮಗನ ಗೋರಿ ಹುಡುಕುವ ತಂದೆ, ನನ್ನ ಮಗನನ್ನು ಬಲ್ಲೆಯಾ ಎಂದು ಕೇಳುತ್ತಾನೆ. ಅಲ್ಲಿ ಮಲಗಿದವರೆಲ್ಲರನ್ನೂ ಬಲ್ಲೆನೆಂಬುದು ಅವನಿಗೆ ದೊರೆತ ಉತ್ತರ. ಆ ಉತ್ತರದಲ್ಲಿ ಫ್ರೆಂಚರಿಲ್ಲ, ಜರ್ಮನರಿಲ್ಲ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ಕಥೆ ದೂರದ್ದಲ್ಲ. ತಾಯ್ನಾಡಿನಿಂದ ನುಡಿಯನ್ನು ತಂದಿದ್ದೇವೆ, ಹಾಡನ್ನು ತಂದಿದ್ದೇವೆ, ಅವನ್ನು ಕಾಪಾಡೋಣ. ನದಿ, ಗಡಿಗಳ ಹೆಸರಿನಲ್ಲಿ ಹಗೆ ಎದ್ದಾಗ ಅದರ ಬಿಸಿ ಮೊದಲು ತಟ್ಟುವುದು ನೆರೆನಾಡಿನಲ್ಲಿ ಬದುಕುವವನ ಬಾಗಿಲಿಗೆ. ನ್ಯಾಯವನ್ನು ಕೇಳೋಣ, ಪಕ್ಕದ ಮನೆಯವನನ್ನು ಮೃಗವೆನ್ನುವ ಮಾತು ಮಾತ್ರ ನಮ್ಮ ಮಕ್ಕಳ ಬಾಯಿಗೆ ಬರದಿರಲಿ.